ಬಾಂಬಕ್ಕನ ಐದು ಬೆರಳು

ಬಾಗಿಲು ಹಾಕುವ ಮೊದಲು ಅವರು ಕೋಣೆಯನ್ನು ಒಂದು ಮಾತು ಕೇಳುತ್ತಿದ್ದರು: "ಒಳಗೆ ಯಾರಾದ್ರೂ ಇದ್ದೀರಾ?" ಎರಡು ಸಲ ಗಟ್ಟಿಯಾಗಿ ಕೇಳುವುದು, ಆಮೇಲೆ ಕುತ್ತಿಗೆ ಚಾಚಿ ಮೂಲೆಗಳನ್ನೆಲ್ಲ ಕಣ್ಣಿನಲ್ಲೇ ಗುಡಿಸಿ ಮೂರನೆಯ ಸಲ ಕೇಳುವುದು, ನಂತರ ಚಿಲಕ. ಅದು ಸಭೆ ಮುಗಿದ ಹಾಲ್ ಆದರೂ ಸರಿ, ಕೋಳಿಗೂಡಾದರೂ ಸರಿ. ತಾನೊಬ್ಬಳೇ ಇರುವ ಮನೆಯ ಬಚ್ಚಲಿಗೆ ಹೊರಗಿನಿಂದ ಚಿಲಕ ಹಾಕುವಾಗಲೂ ಕೇಳಿಯೇ ಹಾಕುವುದು.

"ಯಾರಾದ್ರೂ ಉತ್ತರ ಕೊಟ್ಟದ್ದುಂಟಾ ಅಕ್ಕ?" ಎಂದು ನಾನೊಮ್ಮೆ ತಮಾಷೆ ಮಾಡಿದ್ದೆ.

"ಉತ್ತರ ಬಂದ್ರೆ ಕೆಲಸ ನಿಲ್ಲಿಸ್ಬೇಕು. ಅದಕ್ಕೇ ಕೇಳುದು" ಎಂದರು.

ಆ ಪ್ರಶ್ನೆಗೆ ಮುಂದೊಂದು ದಿನ ಒಳಗಿನಿಂದ ಉತ್ತರ ಕೊಡಬೇಕಾಗುವವನು ನಾನೇ ಎಂದು ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಅದಕ್ಕೂ ಮುಂಚಿತವಾಗಿ ಹೆದರಿಕೊಂಡಿರುತ್ತಿದ್ದೆ.

ಅವರ ನಿಜವಾದ ಹೆಸರು ಊರಲ್ಲಿ ಮೂರೋ ನಾಲ್ಕೋ ಜನರಿಗೆ ಗೊತ್ತಿತ್ತು. ಉಳಿದವರಿಗೆಲ್ಲ ಅವರು ‘ಬಾಂಬಕ್ಕ’. ಸುಳ್ಯದ ಹತ್ತಿರದ ಆಲೆಟ್ಟಿಯ ಅರೆಭಾಷೆಯ ಮನೆತನದವರು. ಪುತ್ತೂರಿನಲ್ಲಿ ಬಿಎಸ್ಸಿ ಓದಿ, ಮುಂಬೈ ಕಡೆಯ ಒಂದು ಆಹಾರ ವಿಕಿರಣ ಘಟಕದಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಂದಲೇ ನಿವೃತ್ತರಾಗಿ, ತಮ್ಮನ ತೋಟದ ಅಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡವರು. ಅಣು, ಕಿರಣ, ಕೋಬಾಲ್ಟ್ ಎಂಬ ಮಾತು ಬಾಯಿಂದ ಬಂದ ಮೇಲೆ ಊರಿನವರು ಬಾಂಬ್ ಎನ್ನದೆ ಬಿಡುತ್ತಾರೆಯೇ? ಅವರಿಗೆ ಬೇಸರವೇನೂ ಇರಲಿಲ್ಲ. "ಈರುಳ್ಳಿ ಅಕ್ಕ ಅಂತ ಕರೆದ್ರೆ ಸರಿ ಇತ್ತು. ಸರ್ವಿಸಿಡೀ ಈರುಳ್ಳಿ ಮೊಳಕೆ ಬಾರದ ಹಾಗೆ ನೋಡಿಕೊಂಡದ್ದೇ ಹೆಚ್ಚು" ಎನ್ನುತ್ತಿದ್ದರು.

ಅವರ ಕೆಲಸ ಕಿರಣ ಅಳೆಯುವುದು. ಯಾವ ಪೆಟ್ಟಿಗೆಗೆ ಎಷ್ಟು ತಾಗಿತು, ಸಾಕಾಯಿತೋ, ಹೆಚ್ಚಾಯಿತೋ ಎಂದು ಪರೀಕ್ಷಿಸಿ ಸಹಿ ಹಾಕುವುದು. ಕೋಬಾಲ್ಟ್ ಕಡ್ಡಿಗಳು ಆಳದ ನೀರಿನಲ್ಲಿ ಮುಳುಗಿರುತ್ತವಂತೆ. ಗುಂಡಿ ಒತ್ತಿದಾಗ ಮೇಲೆ ಬರುತ್ತವೆ, ಪೆಟ್ಟಿಗೆಗಳು ಅವುಗಳ ಸುತ್ತ ಮೆಲ್ಲಗೆ ತಿರುಗಿ ಬರುತ್ತವೆ. ಆ ಹೊತ್ತಿಗೆ ಕೋಣೆಯೊಳಗೆ ಒಂದು ನರಪಿಳ್ಳೆಯೂ ಇರಬಾರದು. ಅದಕ್ಕೇ ಗುಂಡಿ ಒತ್ತುವ ಮೊದಲು ಒಬ್ಬರು ಒಳಗೆ ಹೋಗಿ, ಸುತ್ತು ಹಾಕಿ, ಕೂಗಿ ಕೇಳಿ, ಬೀಗದ ಕೈ ಹಿಡಿದುಕೊಂಡು ಹೊರಗೆ ಬರಬೇಕು. ದಿನವೂ ಅದನ್ನೇ ಮಾಡಿದ ನಾಲಿಗೆ ಆಲೆಟ್ಟಿಯ ಕೋಳಿಗೂಡಿನ ಎದುರು ಸುಮ್ಮನಿರುವುದು ಹೇಗೆ?

ಇನ್ನೊಂದು ಅಭ್ಯಾಸವೂ ಇತ್ತು. ಮನೆಯಿಂದ ಹೊರಡುವಾಗ ಬಲಗೈ ತನ್ನಷ್ಟಕ್ಕೆ ಎಡ ಎದೆಯ ಮೇಲೆ ಹೋಗುತ್ತಿತ್ತು. ಮೈಗೆ ತಾಗಿದ ಕಿರಣದ ಲೆಕ್ಕ ಇಡುವ ಒಂದು ಬಿಲ್ಲೆಯನ್ನು ಅಲ್ಲಿ ಸಿಕ್ಕಿಸಿಕೊಂಡೇ ಕೆಲಸಕ್ಕೆ ಹೋಗಬೇಕಿತ್ತಂತೆ. ಬಿಲ್ಲೆ ನಿವೃತ್ತಿಯ ದಿನ ವಾಪಸು ಹೋಯಿತು. ಕೈಗೆ ನಿವೃತ್ತಿ ಆಗಲಿಲ್ಲ.

ಇನ್ನು ನನ್ನ ವಿಷಯ. ನಾನು ಹೆದರುವವ. ಬೆಳ್ಳಾರೆಯಿಂದ ಪುತ್ತೂರಿಗೆ ಬಸ್ಸಿನಲ್ಲಿ ಹೋಗುವಾಗ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ದಾರಿಯಿಡೀ ನಾನೇ ಬ್ರೇಕ್ ಒತ್ತುವವ. ಇಳಿಯುವಾಗ ಬಲಗಾಲು ನೋಯುತ್ತದೆ. ಇಂಥವನು ಇಪ್ಪತ್ತೆರಡು ಮನೆಗಳ ಒಳ್ಳೆಮೆಣಸು, ಅಂದರೆ ಕಾಳುಮೆಣಸು, ಬೆಳೆಗಾರರ ಕೂಟಕ್ಕೆ ಕಾರ್ಯದರ್ಶಿ ಆದದ್ದು ಹೇಗೆಂದರೆ, ಸಭೆಯಲ್ಲಿ ಹೆಸರು ಸೂಚಿಸಿದಾಗ ಬೇಡ ಎನ್ನಲು ಧೈರ್ಯ ಇಲ್ಲದಿದ್ದವ ನಾನೊಬ್ಬನೇ.

ನಾಲ್ಕು ವರ್ಷದ ಹಿಂದೆ ಕೂಟಕ್ಕೆ ಒಂದು ಒಳ್ಳೆಯ ಅವಕಾಶ ಬಂದಿತ್ತು. ಆಸ್ಪತ್ರೆಗಳ ಅಡುಗೆಮನೆಗೆ ಮಸಾಲೆ ಕೊಡುವ ಮಂಗಳೂರಿನ ಖರೀದಿದಾರರೊಬ್ಬರು ನಮ್ಮ ಮೆಣಸನ್ನು ನೇರವಾಗಿ ಕೊಳ್ಳುತ್ತೇವೆಂದರು. ಮಾದರಿ ಕಳಿಸಿದೆವು. ಎರಡು ವಾರದಲ್ಲಿ ಉತ್ತರ ಬಂತು: ಕಾಳು ದಪ್ಪ ಉಂಟು, ಖಾರ ಉಂಟು, ಜೊತೆಗೆ ರೋಗಾಣುಗಳೂ ಧಾರಾಳ ಉಂಟು. ಏಪ್ರಿಲ್ ನಡುವಿನ ಬಿಸು ಹಬ್ಬದ ಒಳಗೆ ಆರು ಪೆಟ್ಟಿಗೆ ಶುದ್ಧ ಮೆಣಸು ಕೊಟ್ಟರೆ ಮುಂದಿನ ಮಾತು, ಇಲ್ಲದಿದ್ದರೆ ನಮಸ್ಕಾರ.

ಕೂಟದವರು ಸಭೆ ಸೇರಿದರು. ಪೆರಾಬೆಯ ಹಿರಿಯರೊಬ್ಬರು, ನಮಗೆಲ್ಲ ಅವರು ‘ಮಾವ’, ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ ಹೇಳಿದರು: "ಇದೊಂದು ಸಲ ನೋಡುವ. ಇದೂ ಆಗದಿದ್ರೆ ಕೂಟ ಸಾಕು. ಅವರವರ ಮೆಣಸು ಅವರವರು ಅಂಗಡಿಗೆ ಕೊಡುದು. ಕಾರ್ಯದರ್ಶಿಗಳಿಗೂ ಹೆದರ್ಲಿಕ್ಕೆ ಬೇರೆ ವಿಷಯ ಸಿಗ್ತದೆ." ಎಲ್ಲರೂ ನಕ್ಕರು. ಆದರೆ ಮಾತು ಖಾಯಂ ಆಯಿತು.

ಬಾಂಬಕ್ಕನನ್ನು ಕರೆಯಿರಿ ಎಂದದ್ದು ನನ್ನ ಹೆಂಡತಿ.

ಅವರು ಸುಳ್ಯದ ಬಸ್ಸಿನಲ್ಲಿ ಬಂದರು. ಮೆಣಸು ತೋರಿಸಲು ಹೋದೆ, ಬೇಡ, ಅಂಗಳ ತೋರಿಸಿ ಎಂದರು. ನಮ್ಮ ಅಂಗಳದಲ್ಲಿ ಮೆಣಸು ಹರಡಿತ್ತು. ವರ್ಷವೂ ಮಾಡುವ ಹಾಗೆ ಚೆಂದಕ್ಕೆ ಸೆಗಣಿ ಬಳಿದ ಅಂಗಳ. ಅಕ್ಕ ಜಗಲಿಯ ಮೂಲೆಯಲ್ಲಿ ಕುಳಿತು, ಬ್ಯಾಗಿನಿಂದ ಒಂದು ಪೆನ್ಸಿಲು ತೆಗೆದು, ಚಾ ಕುಡಿಯುತ್ತಾ ಒಂದು ಗಂಟೆ ಸುಮ್ಮನೆ ಅಂಗಳ ನೋಡಿದರು. ಆಮೇಲೆ ಚೀಟಿ ಓದಿದರು.

"ಕೋಳಿ, ನಾಲ್ಕು, ಮೂರು ಸಲ ಬಂದು ಕೆದಕಿದ್ದು. ನಾಯಿ, ಎರಡು ಸಲ. ಬೆಕ್ಕು ಒಂದು ಸಲ, ಮಲಗಿದ್ದು. ಕಾರ್ಯದರ್ಶಿಗಳು, ದನದ ಹಟ್ಟಿಯಿಂದ ಬರಿಗಾಲಲ್ಲಿ, ಐದು ಸಲ." ತಲೆ ಎತ್ತಿದರು. "ಕೋಳಿಗಿಂತ ಹೆಚ್ಚು ನೀವೇ ಓಡಾಡಿದ್ದೀರಿ."

"ಮೋಡ ಬಂತಾ ಅಂತ ನೋಡ್ಲಿಕ್ಕೆ ಅಕ್ಕ" ಎಂದೆ. ಹಿಂದಿನಿಂದ ಹೆಂಡತಿ, "ಮೋಡ ಮೇಲೆ ಅಲ್ವಾ ಇರುದು?" ಎಂದಳು.

"ಸೆಗಣಿ ಶುದ್ಧ ಅಲ್ವಾ?" ಎಂದು ನಾನು ಕೇಳಿಯೇಬಿಟ್ಟೆ.

"ಶುದ್ಧವೇ. ಅಂಗಳಕ್ಕೆ. ಮೆಣಸಿಗೆ ಅಲ್ಲ" ಎಂದರು. "ನೋಡಿ, ನಾನು ಜೀವನಪೂರ್ತಿ ಕಿರಣದ ಕೆಲಸ ಮಾಡಿದವಳು. ಕಿರಣ ಕೊಡಿಸುವ, ನಾನು ವ್ಯವಸ್ಥೆ ಮಾಡ್ತೇನೆ. ಆದ್ರೆ ನೀವು ಕೊಳಕು ಮಾಡಿ ಕಳಿಸುದು, ಕಿರಣ ತೊಳೆದು ಕೊಡುದು ಅಂತ ಇದ್ರೆ ನಾನಿಲ್ಲ. ಅದು ಅಗಸನ ಕಲ್ಲು ಅಲ್ಲ. ಬೂಷ್ಟು ಹಿಡಿದ ಮೆಣಸು ತಂದ್ರೆ ಬೂಷ್ಟು ಸಾಯ್ತದೆ, ಅದು ಬಿಟ್ಟು ಹೋದ ವಿಷ ಸಾಯುದಿಲ್ಲ."

ಆ ವರ್ಷ ಇಪ್ಪತ್ತೆರಡು ಮನೆಗಳಲ್ಲಿ ಹೊಸ ಕ್ರಮ ಬಂತು. ಕೊಯ್ದ ಮೆಣಸನ್ನು ಕುದಿಯುವ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುವುದು, ತೊಳೆದ ಟರ್ಪಾಲಿನ ಮೇಲೆ ಒಣಗಿಸುವುದು, ಸುತ್ತ ಬಲೆ ಕಟ್ಟುವುದು. ಟರ್ಪಾಲಿನ ಮೇಲೆ ಬಿಸಿಲು ಸರಿ ಹಿಡಿಯುವುದಿಲ್ಲ, ನೆಲದ ಬಿಸಿ ಸಿಗಬೇಕು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಗೊಣಗುತ್ತಲೇ ಒಪ್ಪಿದರು. ಅಕ್ಕ ಬಸ್ಸಿನಿಂದ ಬಸ್ಸಿಗೆ ಹಾರಿ ಒಂದೊಂದು ಮನೆಯ ಅಂಗಳಕ್ಕೂ ಹೋದರು, ಪೆನ್ಸಿಲಿನೊಂದಿಗೆ. ಅವರು ಗೇಟು ದಾಟುತ್ತಿದ್ದಂತೆ ಜನ ಮೊದಲು ಕೋಳಿ ಓಡಿಸುತ್ತಿದ್ದರು.

ಜನರಿಗೆ ಕಿರಣವೆಂದರೆ ಹೆದರಿಕೆ. ಸಭೆಯಲ್ಲಿ ಮಾವನೇ ಕೇಳಿದರು: "ಮೆಣಸಿನ ಒಳಗೆ ಅದು ಉಳಿಯುದಿಲ್ವಾ?"

"ನೀವು ಮಂಡಿಯ ಎಕ್ಸ್‌ರೇ ತೆಗೆಸಿದ್ದೀರಲ್ಲ ಮಾವ. ಕರೆಂಟ್ ಹೋದಾಗ ಮಂಡಿ ಹೊಳೀತದಾ?"

"ಹೊಳೆದಿದ್ರೆ ಉಪಕಾರ ಇತ್ತು. ಬ್ಯಾಟ್ರಿ ಖರ್ಚು ಉಳೀತಿತ್ತು."

"ಹಾಗೆಯೇ ಇದು. ದಾಟಿ ಹೋಗ್ತದೆ, ಕೂತುಕೊಳ್ಳುದಿಲ್ಲ. ಹೋಗುವಾಗ ರೋಗಾಣುವಿನ ವಂಶ ನಿಲ್ಲಿಸಿ ಹೋಗ್ತದೆ."

ಮಾತು ಬೆಳೆಯಿತು. ಹೊರದೇಶಕ್ಕೆ ಹೋಗುವ ಮಾವಿನಹಣ್ಣಿನ ಒಳಗಿನ ಹುಳುವಿಗೆ ಕಿರಣ ಕೊಡುವುದು, ಬೀಜಕ್ಕೆ ಕಿರಣ ತಾಗಿಸಿ ಬೆಳೆಸಿ ಆರಿಸಿದ ಉದ್ದು, ನೆಲಗಡಲೆಯ ತಳಿಗಳು, ಎಲ್ಲ ಹೇಳಿದರು. ಕೆಲವು ದೇಶಗಳಲ್ಲಿ ಹಣ್ಣಿನ ನೊಣದ ಗಂಡುಗಳನ್ನು ಸಾಕಿ, ಕಿರಣ ಕೊಟ್ಟು, ತೋಟಕ್ಕೆ ಬಿಡುತ್ತಾರಂತೆ. "ಮದುವೆ ಆಗ್ತದೆ, ಮಕ್ಕಳಾಗುದಿಲ್ಲ. ಮದ್ದು ಬಿಡದೆ ನೊಣ ಕಮ್ಮಿ ಆಗ್ತದೆ" ಎಂದರು.

"ಪಾಪ ಅಲ್ವಾ ಅಕ್ಕ, ಅದರ ಸಂಸಾರ?" ಎಂದೆ.

"ಹಣ್ಣಿಗೂ ಒಂದು ಸಂಸಾರ ಉಂಟಲ್ಲ ಮಾರಾಯ್ರೆ" ಎಂದರು.

ಅವರ ಸ್ವಭಾವ ಪೂರ್ತಿ ಗೊತ್ತಾಗಬೇಕಾದರೆ ಕರಿಬೇವಿನ ಸಂಗತಿ ಹೇಳಬೇಕು. ಆಲೆಟ್ಟಿಯಲ್ಲಿ ಅವರ ಮನೆಯ ಹಿಂದೆ ದೊಡ್ಡ ಕರಿಬೇವಿನ ಮರ ಇತ್ತು. ಪಕ್ಕದ ಮನೆಯ ಹೆಂಗಸು ಅದರಿಂದ ಒಂದು ಎಲೆ ಮುಟ್ಟುತ್ತಿರಲಿಲ್ಲ. ಅಕ್ಕನ ಮೈಯಿಂದ ಗಿಡಕ್ಕೆ, ಗಿಡದಿಂದ ಸಾರಿಗೆ ಕಿರಣ ಇಳಿಯುತ್ತದೆ ಎಂದು ಹೆದರಿಕೆ. ಒಂದು ದಿನ ನಾನು ಅಲ್ಲಿದ್ದಾಗಲೇ ಅಕ್ಕ ಆಕೆಯನ್ನು ಒಳಗೆ ಕರೆದು ಕಪಾಟಿನ ಬಾಗಿಲು ತೆರೆದರು. ಒಳಮೈಯಲ್ಲಿ ಉಗುರಿನಷ್ಟು ದೊಡ್ಡ ಹಳದಿ ಚೀಟಿ ಅಂಟಿಸಿತ್ತು. ಘಟಕದಲ್ಲಿ ಪೆಟ್ಟಿಗೆಗಳಿಗೆ ಅಂಟಿಸುವಂಥದ್ದು. ಕಿರಣ ತಾಗಿದರೆ ಕೆಂಪಾಗುತ್ತದೆ.

"ನೋಡು, ಹತ್ತು ವರ್ಷದಿಂದ ನನ್ನ ಜೊತೆ ಉಂಟು. ಇನ್ನೂ ಹಳದಿ."

ಆಕೆಯ ಮುಖ ಸಡಿಲವಾಯಿತು. ಕೈ ಇನ್ನೇನು ಕರಿಬೇವಿಗೆ ಹೋಗಬೇಕು, ಅಷ್ಟರಲ್ಲಿ ಅಕ್ಕನೇ ಹಾಳು ಮಾಡಿದರು: "ಆದ್ರೆ ಇದನ್ನು ಪೂರ್ತಿ ನಂಬಬೇಡ. ಇದು ಕೆಂಪಾಗ್ಲಿಕ್ಕೆ ತುಂಬಾ ಕಿರಣ ಬೇಕು. ಸ್ವಲ್ಪಕ್ಕೆಲ್ಲ ಆಗುದಿಲ್ಲ. ಸಣ್ಣದನ್ನು ಅಳೆಯುವ ಬಿಲ್ಲೆ ಬೇರೆ. ಅದರಲ್ಲೂ ನನ್ನ ಲೆಕ್ಕ ಸರಿಯಾಗಿಯೇ ಇತ್ತು, ಕಾಗದ ತೋರಿಸ್ತೇನೆ, ಬೇಕಾದ್ರೆ ಓದು."

ಆಕೆ ಕಾಗದ ಓದಲಿಲ್ಲ, ಕರಿಬೇವೂ ಮುಟ್ಟದೆ ಹೋದಳು.

"ಅಷ್ಟು ಹೇಳ್ಲಿಕ್ಕೆ ಯಾಕೆ ಹೋದದ್ದು ಅಕ್ಕ? ನಂಬಿ ಆಗಿತ್ತಲ್ಲ" ಎಂದೆ.

"ಅರ್ಧ ಹೇಳಿ ನಂಬಿಸಿದ್ರೆ, ಉಳಿದರ್ಧ ಗೊತ್ತಾದ ದಿನ ಮರವನ್ನೇ ಕಡಿಸಿಯಾಳು" ಎಂದರು.

ಒಂದು ವಾರ ಕಳೆದು ಆಕೆ ತಾನಾಗಿ ಬಂದು ಒಂದು ಗೆಲ್ಲು ಕೊಯ್ದುಕೊಂಡು ಹೋದಳಂತೆ. ತನ್ನ ವಿರುದ್ಧವೇ ಮಾತಾಡುವವರು ಉಳಿದದ್ದರಲ್ಲಿ ಸುಳ್ಳು ಹೇಳಲಾರರು ಎಂದು ಅವಳಿಗೆ ಅನ್ನಿಸಿರಬೇಕು. ನನಗೆ ಅನ್ನಿಸಲು ಇನ್ನೂ ಸ್ವಲ್ಪ ಸಮಯ ಹಿಡಿಯಿತು.

ಮಾರ್ಚಿನಲ್ಲಿ ನಮ್ಮ ಆರು ಪೆಟ್ಟಿಗೆಗಳು ಘಟ್ಟ ಹತ್ತಿ, ಅಕ್ಕ ಮಾತಾಡಿಟ್ಟಿದ್ದ ಘಟಕಕ್ಕೆ ಹೋಗಿ, ಕಿರಣ ತಾಗಿಸಿಕೊಂಡು ವಾಪಸು ಬಂದವು. ಪ್ರತಿ ಪೆಟ್ಟಿಗೆಯ ಮೇಲೆ ಹಸಿರು ವೃತ್ತದ ಗುರುತು, ‘ವಿಕಿರಣದಿಂದ ಸಂಸ್ಕರಿಸಿದ್ದು’ ಎಂಬ ಅಚ್ಚು, ಕೆಂಪಾದ ಚೀಟಿ. ನಮ್ಮ ಮನೆಗೆ ತಾಗಿದ ಹಳೆಯ ಕೋಣೆಯೇ ಕೂಟದ ಗೋದಾಮು, ಅಲ್ಲಿ ಇಳಿಸಿದರು. ಮಂಗಳೂರಿನ ವ್ಯಾನು ಬರಲು ನಾಲ್ಕು ದಿನ ಇತ್ತು. ಅಕ್ಕ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ತೆರೀಬೇಡಿ. ಎಂತ ಆದ್ರೂ ತೆರೀಬೇಡಿ."

ನಾಲ್ಕು ದಿನ. ಹೆದರುವವನಿಗೆ ನಾಲ್ಕು ದಿನ ಸುಮ್ಮನೆ ಕೊಡಬಾರದು.

ಮೊದಲ ದಿನ ಭಾವ ಕಡಬದಿಂದ ಒಂದು ಮೆಸೇಜು ಕಳಿಸಿದ, ಕಿರಣ ಕೊಟ್ಟ ಆಹಾರ ತಿಂದರೆ ಹಾಗಾಗುತ್ತದೆ ಹೀಗಾಗುತ್ತದೆ ಎಂದು, ಕೊನೆಗೆ ಕೈ ಮುಗಿಯುವ ಚಿತ್ರ. ಎರಡನೆಯ ದಿನ ಎಕ್ಸ್‌ರೇ ಮಾತು ನೆನಪು ಮಾಡಿ ಸಮಾಧಾನ ತಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಅನ್ನಿಸಿತು, ಈ ಮೆಣಸು ಹೋಗುವುದು ಆಸ್ಪತ್ರೆಗೆ. ಸೊರಗಿದ ಜೀವಗಳಿಗೆ. ಒಂದು ವೇಳೆ ಒಂದಿಷ್ಟು ಕಿರಣ ಒಳಗೆ ಉಳಿದಿದ್ದರೆ?

ನಮ್ಮ ಕಡೆ ಎಲ್ಲದಕ್ಕೂ ಒಂದು ಮದ್ದು ಉಂಟು: ಒಂದು ಬಿಸಿಲು ಕೊಡುವುದು. ಅಟ್ಟದಲ್ಲಿಟ್ಟ ಅಡಿಕೆ ಮಾರುವ ಮೊದಲು ಒಂದು ಬಿಸಿಲು. ಹಪ್ಪಳಕ್ಕೆ, ಹಾಸಿಗೆಗೆ, ಮಳೆಗಾಲ ಕಳೆದ ಮೇಲೆ ಮದುವೆಯ ಸೀರೆಗೆ ಒಂದು ಬಿಸಿಲು. ತಂಪು ಹೋಗುತ್ತದೆ, ವಾಸನೆ ಹೋಗುತ್ತದೆ, ಹುಳ ಹೋಗುತ್ತದೆ. ಕಿರಣ ಮಾತ್ರ ಯಾಕೆ ಹೋಗಬಾರದು?

ಹೆಂಡತಿ ತವರಿಗೆಂದು ಕಡಬಕ್ಕೆ ಹೋಗಿದ್ದಳು. ಆಕಾಶ ತೊಳೆದಿಟ್ಟ ಹಾಗಿತ್ತು. ಪೆಟ್ಟಿಗೆಯ ಟೇಪು ಬಿಡಿಸಿ, ಒಳಗಿನ ಪ್ಲಾಸ್ಟಿಕ್ಕು ಕತ್ತರಿಸಿ, ಮೆಣಸನ್ನು ಅಂಗಳದಲ್ಲಿ ಹರಡಿದೆ. ಟರ್ಪಾಲು ಹಾಕಲಿಲ್ಲ. ನೆಲದ ಬಿಸಿ ಸಿಗಲಿ ಎಂದು. ಅಂಗಳಕ್ಕೆ ಹಿಂದಿನ ವಾರವಷ್ಟೇ ಸೆಗಣಿ ಬಳಿದಿತ್ತು. ಕಿರಣ ಹೋಗಲಿ ಎಂದು ಕೈಯಾರೆ ಮಗುಚಿದೆ. ಕೋಳಿಗಳೂ ಬಂದು ಸಹಾಯ ಮಾಡಿದವು. ಮೂರು ಗಂಟೆಗೆ ಪೂರ್ವದಲ್ಲಿ ಮೋಡ ಎದ್ದಾಗ ಗಡಿಬಿಡಿಯಲ್ಲಿ ಎಲ್ಲವನ್ನೂ ತುಂಬಿದೆ.

ಸಂಜೆಯ ಬಸ್ಸಿಗೆ ಬಂದ ಹೆಂಡತಿ ಅಂಗಳದಲ್ಲಿ ಬಿದ್ದಿದ್ದ ಹತ್ತಾರು ಕಾಳು ನೋಡಿದಳು, ನನ್ನ ಮುಖ ನೋಡಿದಳು. "ನೀವು ಬಿಸಿಲು ಕೊಟ್ಟದ್ದು ಮೆಣಸಿಗಾ, ನಿಮ್ಮ ತಲೆಗಾ?" ಎಂದಳು. ಆಮೇಲೆ ಮೆಲ್ಲಗೆ, "ಅಕ್ಕನಿಗೆ ಹೇಳಿ" ಎಂದಳು.

ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕಂದು ಬಣ್ಣದ ಟೇಪು ತಂದು ಪೆಟ್ಟಿಗೆಗಳಿಗೆ ಸುತ್ತಿದೆ. ಕೆಂಪು ಚೀಟಿ ಕೆಂಪಾಗಿಯೇ ಇತ್ತು. ಹೊರಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ಇಲ್ಲ. ಯಾರಿಗೆ ಗೊತ್ತಾಗುತ್ತದೆ ಎಂದು ಕೊನೆಯ ಪೆಟ್ಟಿಗೆಯ ಮೂಲೆ ಒತ್ತುತ್ತಿದ್ದೆ. ಅಂಗಳದಲ್ಲಿ ಅಕ್ಕನ ದನಿ ಕೇಳಿತು. ವ್ಯಾನು ಬರುವ ಮೊದಲು ಒಮ್ಮೆ ನೋಡಿ ಹೋಗುವ ಎಂದು ಬೇಗದ ಬಸ್ಸಿಗೆ ಬಂದಿದ್ದರು.

ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಐವತ್ತೆರಡು ವರ್ಷದ ಗಂಡಸು, ಕೈಯಲ್ಲಿ ಟೇಪು ಹಿಡಿದುಕೊಂಡು, ಅಡಿಕೆ ಗೋಣಿಗಳ ಹಿಂದೆ ಕುಕ್ಕರುಗಾಲಿನಲ್ಲಿ ಕೂತೆ.

ಅಕ್ಕ ಬಾಗಿಲಲ್ಲಿ ನಿಂತು ಪೆಟ್ಟಿಗೆ ಎಣಿಸಿದ್ದು ಕೇಳಿತು. ಆರು. "ಸರಿ ಉಂಟು" ಎಂದು ತಮ್ಮಷ್ಟಕ್ಕೆ ಹೇಳಿದರು. ಬಾಗಿಲು ಅರ್ಧ ಎಳೆದರು. ನಿಂತರು.

"ಒಳಗೆ ಯಾರಾದ್ರೂ ಇದ್ದೀರಾ?"

ಉಸಿರು ಬಿಗಿಹಿಡಿದೆ.

"ಒಳಗೆ ಯಾರಾದ್ರೂ ಇದ್ದೀರಾ?"

ಆ ಕೋಣೆಗೆ ಕಿಟಕಿ ಇಲ್ಲ. ಬೀಗ ಹಾಕಿದರೆ ವ್ಯಾನು ಬರುವವರೆಗೆ ನಾನು ಒಳಗೆ. ವ್ಯಾನಿನವರು ಬಾಗಿಲು ತೆರೆದಾಗ ಪೆಟ್ಟಿಗೆಗಳ ಜೊತೆ ಕಾರ್ಯದರ್ಶಿಯೂ ಸಿಗುತ್ತಾನೆ. ಮೂರನೆಯ ಸಲ ಅವರು ಕುತ್ತಿಗೆ ಚಾಚಿ ಕೇಳಿದಾಗ ನನ್ನ ಬಾಯಿಂದ ಮಾತು ಹೊರಟಿತು. ಪ್ರಾಮಾಣಿಕತೆಯಿಂದಲ್ಲ, ಕತ್ತಲೆಯ ಹೆದರಿಕೆಯಿಂದ.

"ನಾನಿದ್ದೇನೆ ಅಕ್ಕ."

ಅವರ ಕೈ ಎಡ ಎದೆಗೆ ಹೋಯಿತು. ಗೋಣಿಗಳ ಹಿಂದಿನಿಂದ ಎದ್ದು ಬಂದ ನನ್ನನ್ನು ನೋಡಿದರು, ಕೈಯಲ್ಲಿದ್ದ ಟೇಪು ನೋಡಿದರು. ನಾನು ಎಲ್ಲ ಹೇಳಿದೆ, ಭಾವನ ಮೆಸೇಜಿನಿಂದ ಹಿಡಿದು ಕೋಳಿಗಳ ಸಹಾಯದವರೆಗೆ.

"ಎಷ್ಟು ಪೆಟ್ಟಿಗೆ?"

"ಒಂದೆರಡು."

ಅಕ್ಕ ಪೆಟ್ಟಿಗೆಗಳ ಹತ್ತಿರ ಹೋಗಿ ಒಂದೊಂದರ ಟೇಪಿನ ಮೇಲೂ ಬೆರಳಾಡಿಸಿದರು. ಹೊಸ ಟೇಪಿಗೆ ಒಂದು ಹೊಳಪು ಇರುತ್ತದೆ, ನಾನು ಗಮನಿಸಿರಲಿಲ್ಲ. ತಿರುಗಿ, ಬಲಗೈ ಎತ್ತಿ, ಐದು ಬೆರಳನ್ನೂ ಬಿಡಿಸಿ ನನ್ನ ಮುಖದೆದುರು ಹಿಡಿದರು. ಹೊಡೆಯುತ್ತಾರೋ ಎಂದು ಹಿಂದೆ ಸರಿದೆ. ಹೊಡೆಯಲಿಲ್ಲ. ಹಾಗೆಯೇ ಹಿಡಿದುಕೊಂಡರು.

"ಐದು" ಎಂದೆ. "ಆರನೆಯದು ತೆರೆಯುವ ಮೊದಲೇ ಮೋಡ ಬಂತು."

ಅಲ್ಲಿಯವರೆಗೆ ನನಗೆ ಬಹುವಚನ ಹಚ್ಚುತ್ತಿದ್ದವರು ಆಗ ಅದನ್ನು ಬಿಟ್ಟರು. "ಹೆದರಿಕೆ ಉಟ್ಟಾ ನಿಂಗೆ?" ಎಂದು ತಮ್ಮ ಅರೆಭಾಷೆಯಲ್ಲೇ ಕೇಳಿದರು.

"ಉಂಟು ಅಕ್ಕ."

"ಹೆದರುದು ತಪ್ಪಲ್ಲ. ನಾನು ದಿನಾ ಹೆದರಿಯೇ ಕೆಲಸ ಮಾಡಿದ್ದು. ನೀನು ತಪ್ಪು ಕಡೆಗೆ ಹೆದರ್ತಿ. ಇಲ್ಲದ ಕಿರಣಕ್ಕೆ ಹೆದರಿ, ಇದ್ದ ಕೊಳಕಿನ ಮೇಲೆ ಹರಡಿದ್ದಿ. ಈಗ ಕೂಟಕ್ಕೆ ಹೆದರಿ, ಆಸ್ಪತ್ರೆಯಲ್ಲಿ ಮಲಗಿದವರನ್ನು ಮರೆತಿದ್ದಿ."

"ಚೀಟಿ ಕೆಂಪು ಉಂಟಲ್ಲ ಅಕ್ಕ" ಎಂದೆ, ಮುಳುಗುವವನ ಹಾಗೆ.

"ಪೆಟ್ಟಿಗೆ ಕೋಣೆಯೊಳಗೆ ಹೋಗಿ ಬಂತು ಅಂತ ಹೇಳ್ತದೆ ಅದು, ಅಷ್ಟೇ. ಆಮೇಲೆ ನಿನ್ನ ಅಂಗಳದಲ್ಲಿ ಎಂತ ಆಯ್ತು ಅಂತ ಚೀಟಿಗೆ ಗೊತ್ತಿಲ್ಲ. ನಿನಗೆ ಗೊತ್ತುಂಟು."

"ಪುನಃ ಕಳಿಸಿದ್ರೆ?"

"ಒಮ್ಮೆ ಕಿರಣ ಆದದ್ದಕ್ಕೆ ಇನ್ನೊಮ್ಮೆ ಕೊಡುವ ಕ್ರಮ ಇಲ್ಲ. ಫೋನ್ ಮಾಡು."

ಖರೀದಿದಾರರಿಗೆ ಅವರೇ ಫೋನು ಮಾಡಿ ಹೇಳುತ್ತಾರೆಂದು ನಾನು ತಿಳಿದದ್ದು. ಅವರು ನಂಬರು ಒತ್ತಿ ಫೋನು ನನ್ನ ಕೈಗೇ ಕೊಟ್ಟರು. ಆ ಕಡೆಯಿಂದ ಗುಣಮಟ್ಟ ನೋಡುವ ಮೇಡಂ ಮಾತಾಡಿದರು. ನಾನು ಹವಾಮಾನದಿಂದ ಆರಂಭಿಸಿದೆ. ಅಲ್ಲಿಂದ ಸುತ್ತಿ ಬಳಸಿ, "ಒಂದೆರಡು ಪೆಟ್ಟಿಗೆಯಲ್ಲಿ ಸ್ವಲ್ಪ..." ಎನ್ನುವಾಗ ಎದುರಿಗೆ ಕೈ ಎದ್ದಿತು. ಐದು ಬೆರಳು.

"ಐದು ಪೆಟ್ಟಿಗೆ ಮೇಡಂ. ನಾನೇ ತೆರೆದದ್ದು. ಸೆಗಣಿ ಬಳಿದ ಅಂಗಳದಲ್ಲಿ ಹರಡಿದ್ದು."

ಆ ಕಡೆಯಿಂದ, "ಆರನೆಯದನ್ನು ಯಾಕೆ ತೆರೆಯಲಿಲ್ಲ?" ಎಂದು ಕೇಳಿದರು.

"ಮೋಡ ಬಂತು ಮೇಡಂ."

"ಹಾಗಂತ ಬರೆದು ಕೊಡ್ತೀರಾ?"

ಬರೆದುಕೊಟ್ಟೆ. ಅಕ್ಕ ಜಗಲಿಯಲ್ಲಿ ಕೂತು ತಿದ್ದಿಸಿದರು. ‘ಅನಿವಾರ್ಯ ಕಾರಣಗಳಿಂದ’ ಎಂದು ನಾನು ಬರೆದದ್ದನ್ನು ಹ್ಞಾಂ ಹೂಂ ಇಲ್ಲದೆ ಹೊಡೆದು ಹಾಕಿಸಿ, ‘ಹೆದರಿಕೆಯಿಂದ’ ಎಂದು ಬರೆಸಿದರು. ಒಂದು ಪೆಟ್ಟಿಗೆ ಮತ್ತು ಒಂದು ಕಾಗದ ವ್ಯಾನು ಹತ್ತಿದವು. ಉಳಿದ ಐದರ ಹಸಿರು ಗುರುತನ್ನೂ ಕೆಂಪು ಚೀಟಿಯನ್ನೂ ಅಕ್ಕ ಕತ್ತರಿಯಿಂದ ಚೂರು ಮಾಡಿ ಒಲೆಗೆ ಹಾಕಿದರು. ಆ ಮೆಣಸು ಊರ ಅಂಗಡಿಗೆ, ಊರ ಮೆಣಸಾಗಿಯೇ ಹೋಯಿತು.

ಕೂಟದವರಿಗೆ ನಾನೇ ಹೇಳಬೇಕಾಯಿತು. ಮಾವ ಅಗಿಯುವುದು ನಿಲ್ಲಿಸಿದ್ದನ್ನು ಅಂದು ಮೊದಲ ಬಾರಿ ನೋಡಿದೆ. ಬಿಸು ಬಂತು, ಹೋಯಿತು. ಕೊನೆಗೆ ಮಂಗಳೂರಿನಿಂದ ಉತ್ತರ ಬಂತು. ಆರನೆಯ ಪೆಟ್ಟಿಗೆ ಪರೀಕ್ಷೆಯಲ್ಲಿ ಪಾಸು, ಜೊತೆಗೆ ಹೋದ ಕಾಗದವೂ ಪಾಸು. ಮುಂದಿನ ಕೊಯ್ಲಿನಿಂದ ಮೆಣಸು ಕೊಳ್ಳಲು ಒಪ್ಪಿಗೆ. ಒಂದೇ ಶರತ್ತು: ಗೋದಾಮಿನ ಬೀಗದ ಕೈ ಕಾರ್ಯದರ್ಶಿಯವರ ಬಳಿ ಇರತಕ್ಕದ್ದಲ್ಲ. ಅದು ಅಂದಿನಿಂದ ನನ್ನ ಹೆಂಡತಿಯ ಸೊಂಟದಲ್ಲಿದೆ. ಮಾವ ಇವತ್ತಿಗೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಆಕಾಶ ನೋಡಿ, "ಒಳ್ಳೆ ಬಿಸಿಲು ಉಂಟು ಕಾರ್ಯದರ್ಶಿಗಳೇ" ಎನ್ನುತ್ತಾರೆ.

ಅಕ್ಕ ನನಗೊಂದು ಶಿಕ್ಷೆ ವಿಧಿಸಿದರು. ಕೂಟಕ್ಕೆ ಹೊಸಬರು ಬಂದಾಗಲೆಲ್ಲ, ಬೇರೆ ವಿಷಯ ಎತ್ತುವ ಮೊದಲು, ಈ ಸಂಗತಿಯನ್ನು ನಾನೇ ಎದ್ದು ನಿಂತು ಹೇಳಬೇಕು.

"ಇದೆಂತ ಅಕ್ಕ, ವರ್ಷ ವರ್ಷ ಮಾನ ಕಳೆಯುದು?"

"ನಾನೂ ಕಳೆದುಕೊಂಡಿದ್ದೇನೆ" ಎಂದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಒಂದು ಲಾಟ್ ಪೆಟ್ಟಿಗೆಗಳಿಗೆ ಅಳತೆ ನೋಡದೆ ಸಹಿ ಹಾಕಿದ್ದರಂತೆ. ಬಸ್ಸಿಗೆ ತಡವಾಗಿತ್ತು. ದಾರಿಯಲ್ಲಿ ಮನಸ್ಸು ತಡೆಯದೆ ಇಳಿದು ವಾಪಸು ಹೋಗಿ, ಮೇಲಧಿಕಾರಿಗೆ ಹೇಳಿ, ಲಾರಿಗೆ ಹತ್ತಿಸಿದ್ದನ್ನು ಇಳಿಸಿದರಂತೆ. ಅಂದಿನಿಂದ ನಿವೃತ್ತಿಯವರೆಗೆ ಹೊಸದಾಗಿ ಸೇರಿದವರಿಗೆಲ್ಲ ಮೊದಲ ಪಾಠ ಅವರದ್ದೇ, ಆ ಸಹಿಯದ್ದೇ. "ನಮ್ಮ ತಪ್ಪು ನಾವೇ ಹೇಳಿದ್ರೆ ಸರಿಯಾದ ಅಳತೆಯಲ್ಲಿ ಹೇಳ್ಬಹುದು. ಬೇರೆಯವರು ಹೇಳಿದ್ರೆ ಹೆಚ್ಚು ಕಮ್ಮಿ ಆಗ್ತದೆ."

ಅಳತೆಯ ಮಾತು ಸುಮ್ಮನೆ ಆಡಿದ್ದಲ್ಲ. ಯಾಕೆಂದರೆ ಪ್ರತಿ ವರ್ಷವೂ ಹೇಳುವಾಗ ಆ ಜಾಗಕ್ಕೆ ಬಂದ ಕೂಡಲೇ ನನ್ನ ನಾಲಿಗೆ ತಾನಾಗಿ, "ಒಂದೆರಡು ಪೆಟ್ಟಿಗೆ ತೆರೆದೆ" ಎಂದೇ ಹೇಳುತ್ತದೆ. ಪ್ರತಿ ವರ್ಷವೂ ಸಭೆಯ ಹಾಲ್‌ನ ಕೊನೆಯಲ್ಲಿ, ಬಾಗಿಲಿನ ಪಕ್ಕದ ಬೆಂಚಿನಿಂದ, ಕೈಯೊಂದು ಏಳುತ್ತಿತ್ತು. ಅವರು ಅಲ್ಲಿ ಕೂರುತ್ತಿದ್ದದ್ದು ಕೊನೆಗೆ ಬಾಗಿಲು ಹಾಕಲಿಕ್ಕೆ. ಐದು ಬೆರಳು. ನಾನು "ಐದು" ಎಂದ ಮೇಲೆ ಕೈ ಇಳಿಯುತ್ತಿತ್ತು.

ಕಳೆದ ಆಟಿಯಲ್ಲಿ, ಜಡಿಮಳೆಯ ತಿಂಗಳಲ್ಲಿ, ಮಧ್ಯಾಹ್ನ ಉಂಡು ಮಲಗಿದ ಅಕ್ಕ ಏಳಲಿಲ್ಲ. ಎಪ್ಪತ್ತನಾಲ್ಕು ವರ್ಷವಾಗಿತ್ತು. ಉತ್ತರಕ್ರಿಯೆಯ ದಿನ ಊಟದ ಸಾಲಿನಲ್ಲಿ ಯಾರೋ, ಕಿರಣದ ಕೆಲಸ ಅಲ್ವಾ, ಒಳಗಿಂದೊಳಗೆ ತಿಂದಿರಬೇಕು ಎಂದರು. ಸಾರು ಬಡಿಸುತ್ತಿದ್ದ ಪಕ್ಕದ ಮನೆಯ ಹೆಂಗಸು ಸೌಟು ಎತ್ತಿ ನಿಂತಳು. "ಎಪ್ಪತ್ತನಾಲ್ಕಕ್ಕೆ ಸಾಯ್ಲಿಕ್ಕೆ ಕಿರಣ ಬೇಕಾ? ಸುಮ್ಮನೆ ಉಣ್ಣಿ. ಈ ಸಾರಿಗೆ ಹಾಕಿದ ಕರಿಬೇವು ಅವರ ಮರದ್ದೇ" ಎಂದಳು. ನಾನು ಎರಡು ಸಲ ಹಾಕಿಸಿಕೊಂಡೆ.

ಮೊನ್ನೆ ಕೂಟದ ಸಭೆ ಇತ್ತು. ಹೊಸದಾಗಿ ಏಳು ಮನೆಯವರು ಸೇರಿದ್ದಾರೆ. ಕ್ರಮದ ಪ್ರಕಾರ ಎದ್ದು ನಿಂತೆ. ಭಾವನ ಮೆಸೇಜು ಹೇಳಿದೆ, ಒಂದು ಬಿಸಿಲಿನ ಮದ್ದು ಹೇಳಿದೆ, ಹೊಸಬರು ನಕ್ಕರು. ಆ ಜಾಗ ಬಂತು.

"ಒಂದೆರಡು ಪೆಟ್ಟಿಗೆ ತೆರೆದೆ" ಎಂದೆ.

ಎಂದು, ರೂಢಿಯಂತೆ ಬಾಗಿಲಿನ ಪಕ್ಕದ ಬೆಂಚು ನೋಡಿದೆ. ಅಲ್ಲಿ ಯಾರೋ ಕೊಡೆ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ ಮಾವ ನನ್ನನ್ನು ನೋಡಿ ತಲೆ ತಗ್ಗಿಸಿದರು. ಹೆಂಡತಿ ಬೀಗದ ಕೈಯನ್ನು ಬೆರಳಿಗೆ ಸುತ್ತುತ್ತಿದ್ದಳು. ಹೊಸಬರಿಗೆ ಏನೂ ಗೊತ್ತಿಲ್ಲ, ಮುಂದಿನ ಮಾತಿಗೆ ಕಾಯುತ್ತಿದ್ದರು. ಮುಂದುವರಿಸಿದ್ದರೆ ನಡೆದು ಹೋಗುತ್ತಿತ್ತು.

ಬಲಗೈ ಎತ್ತಿ, ಬೆರಳುಗಳನ್ನು ಬಿಡಿಸಿ, ಎಲ್ಲರಿಗೂ ಕಾಣುವ ಹಾಗೆ ಹಿಡಿದೆ.

"ಐದು" ಎಂದೆ.